ಅಕ್ಕನ ಮೇಲ್ಚಿಪ್ಪು, ನನ್ನ ಕೆಳಚಿಪ್ಪು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಕಂಬಿಗೆ ಬಣ್ಣ ಬಳಿಯುತ್ತಿದ್ದರು. ಪೇಂಟರ್ ತನ್ನ ಬ್ರಷ್ಷನ್ನು ಥಿನ್ನರಿನ ಡಬ್ಬಿಯಲ್ಲಿ ಅದ್ದಿದ್ದೇ ತಡ, ಆ ವಾಸನೆ ಮೂಗಿಗೆ ಅಡರಿ, ತರಕಾರಿ ಚೀಲ ಹಿಡಿದುಕೊಂಡು ಎರಡನೇ ಮಹಡಿಯಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಅದು ತಲೆನೋವಿನ ವಾಸನೆ. ನನಗೆ ಅಕ್ಕನ ನೆನಪು. ವಿಶಾಖಪಟ್ಟಣದ ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಯ ಮೇಲೆ ಡಯಾಟಮ್ ಎನ್ನುವ ಸೂಕ್ಷ್ಮ ಪಾಚಿಗಳನ್ನು ಕೂರಿಸಲು ಬಳಸುತ್ತಿದ್ದ ಅಂಟಿಗೆ ಇಂಥದ್ದೇ ವಾಸನೆ ಇತ್ತು. ಬಿಸಿಗೆ ಅದು ಗುಳ್ಳೆಗಟ್ಟಿ ಕುದಿಯುವಾಗ ನಾವೆಲ್ಲ ಕಿಟಕಿಯ ಕಡೆ ಓಡುತ್ತಿದ್ದೆವು. ಅಕ್ಕ ಮಾತ್ರ ಅಲ್ಲೇ ನಿಂತು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವವಳ ಹಾಗೆ, ಏನನ್ನೋ ಗುನುಗುತ್ತಾ ಇರುತ್ತಿದ್ದಳು…

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನಗಿಂತ ಎರಡು ವರ್ಷ ಮೊದಲು ಪಿಎಚ್‌ಡಿಗೆ ಸೇರಿದ್ದವಳು. ತೆಲುಗಿನಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುವುದರಿಂದ ಪ್ರಯೋಗಾಲಯದವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಬಾಯಲ್ಲಿ ಅಕ್ಕ, ಹೊಟ್ಟೆಯಲ್ಲಿ ಕೆಂಡ. ಮುಚ್ಚಿಟ್ಟು ಏನಾಗಬೇಕಾಗಿದೆ? ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಇತ್ತು. ಇವತ್ತಿಗೂ ಪೂರ್ತಿ ಆರಿದೆ ಎಂದು ಹೇಳಲಾರೆ.

ನಾನು ಧಾರವಾಡದವಳು. ಸಮುದ್ರವನ್ನು ಮೊದಲು ಕಂಡದ್ದು ಶಾಲೆಯ ಪ್ರವಾಸದಲ್ಲಿ, ಕಾರವಾರದಲ್ಲಿ. ಎರಡನೇ ಸಲ ಕಂಡದ್ದು ಸಂಶೋಧನೆಗೆಂದು ವಿಶಾಖಪಟ್ಟಣಕ್ಕೆ ಬಂದಿಳಿದ ದಿನ. ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಕಡೆಯವರೆಲ್ಲ ಕಂಪ್ಯೂಟರ್ ಕಲಿಯಲು ಓಡುತ್ತಿದ್ದಾಗ ನಾನು ಸಮುದ್ರ ಕಲಿಯಲು ಬಂದಿದ್ದೆ. ನಮ್ಮ ಮಾರ್ಗದರ್ಶಕರು, ನಾವು ಬರೀ ಸರ್ ಎನ್ನುತ್ತಿದ್ದವರು, ನನ್ನ ಕೈಗೆ ಒಂದು ಹಲ್ಲುಜ್ಜುವ ಬ್ರಷ್ ಕೊಟ್ಟು, ಭೀಮಿಲಿ ಕಡಲತೀರದ ಬಂಡೆಗಳ ಹತ್ತಿರ ಹೋಗಿ ಕಲ್ಲು, ಕಡಲಪಾಚಿ ಎಲ್ಲ ಉಜ್ಜಿಕೊಂಡು ಬಾ ಎಂದರು. ಹಡಗು, ತಿಮಿಂಗಿಲ ಎಂದು ಕನಸು ಕಂಡಿದ್ದವಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲಿಗೆ ಹಲ್ಲುಜ್ಜಿದೆ.

ಹಾಗೆ ಉಜ್ಜಿ ತಂದ ಕಂದು ರಾಡಿಯಲ್ಲಿ ಇರುವುದು ಡಯಾಟಮ್‌ಗಳು. ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಕೋಶದ ಪಾಚಿ. ಅದರ ಮೈ ಮೇಲೆ ಗಾಜಿನಂಥ ಚಿಪ್ಪು, ಚಿಪ್ಪಿಗೆ ಎರಡು ಭಾಗ, ಸಾಬೂನಿನ ಡಬ್ಬಿ ಮತ್ತು ಅದರ ಮುಚ್ಚಳದ ಹಾಗೆ. ಕೆಲವು ನೀರಿನಲ್ಲಿ ತೇಲಿಕೊಂಡಿರುತ್ತವೆ, ಕೆಲವು ತಳದಲ್ಲಿ ಬಾಳುತ್ತವೆ. ನಮ್ಮ ಪಾಲಿಗೆ ಬಂದದ್ದು ತಳದವು, ಅದರಲ್ಲೂ ಕೊಕ್ಕೊನೀಸ್ ಎನ್ನುವ ಒಂದು ಕುಲ. ಅಂಡಾಕಾರ, ಚಪ್ಪಟೆ, ಕಲ್ಲಿಗೋ ಪಾಚಿಗೋ ಹೊಟ್ಟೆ ಒತ್ತಿ ಅಂಟಿಕೊಂಡು ಕೂತಿರುತ್ತವೆ. ಈ ಕುಲದ ಕಿತಾಪತಿ ಏನೆಂದರೆ ಡಬ್ಬಿಗೂ ಮುಚ್ಚಳಕ್ಕೂ ಹೋಲಿಕೆಯೇ ಇರುವುದಿಲ್ಲ. ಅಂಟಿಕೊಂಡ ಕೆಳಚಿಪ್ಪಿನ ನಡುವೆ ಕೂದಲೆಳೆಯಂಥ ಒಂದು ಸೀಳು. ಮೇಲ್ಚಿಪ್ಪಿಗೆ ಸೀಳಿಲ್ಲ, ಅದರ ಗೆರೆ, ಚುಕ್ಕೆಗಳ ಚಿತ್ತಾರವೇ ಬೇರೆ. ಪ್ರಭೇದ ಯಾವುದೆಂದು ಹೇಳಬೇಕಾದರೆ ಎರಡೂ ಕೈಯಲ್ಲಿರಬೇಕು. ನಾವೋ ಕೊಳೆ ತೆಗೆಯಲೆಂದು ಎಲ್ಲವನ್ನೂ ಆಸಿಡ್ಡಿನಲ್ಲಿ ಕುದಿಸುತ್ತಿದ್ದೆವು. ಕುದಿಸಿದರೆ ಚಿತ್ತಾರ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಡಬ್ಬಿ ಮುಚ್ಚಳ ಬೇರೆಯಾಗಿ, ಒಂದೇ ಹನಿಯಲ್ಲಿ ಹತ್ತಾರು ಬಗೆಯ ಬಿಡಿ ಚಿಪ್ಪುಗಳು ಸಂತೆಯಲ್ಲಿ ಕೈ ಬಿಟ್ಟುಹೋದ ಮಕ್ಕಳ ಹಾಗೆ ಬಿದ್ದಿರುತ್ತವೆ.

ಯಾವ ಕೆಳಚಿಪ್ಪಿಗೆ ಯಾವ ಮೇಲ್ಚಿಪ್ಪು ಎಂದು ಹೊಂದಿಸುವುದೇ ನಮ್ಮ ಅರ್ಧ ಕೆಲಸ. ಪ್ರಯೋಗಾಲಯದಲ್ಲಿ ಅದಕ್ಕೆ ಪೆಳ್ಳಿ ಎನ್ನುತ್ತಿದ್ದರು, ಮದುವೆ. ಸರ್ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದೂ ಅದನ್ನೇ: ಪೆಳ್ಳಿ ಕುದಿರಿಂದಾ? ಮದುವೆ ನಿಶ್ಚಯವಾಯಿತೇ? ಅಳತೆ ನೋಡು, ಅಂಚು ನೋಡು, ಹತ್ತು ಮೈಕ್ರಾನಿಗೆ ಗೆರೆ ಎಷ್ಟು ನೋಡು… ಜಾತಕ ಕೂಡಿಸುವವರೂ ಅಷ್ಟು ತಲೆ ಕೆಡಿಸಿಕೊಳ್ಳಲಾರರು.

ಅಕ್ಕನಿಗೆ ಇದಾವುದೂ ಬೇಕಿರಲಿಲ್ಲ. ನಾನು ಒಂದು ವಾರ ಕೂತು ಕಣ್ಣು ಕೆಂಪು ಮಾಡಿಕೊಂಡ ಸ್ಲೈಡಿನ ಮೇಲೆ ಆಕೆ ಬಗ್ಗಿ, ಮೈಕ್ರೋಸ್ಕೋಪಿನ ಗುಂಡಿ ಎರಡು ಸಲ ತಿರುಗಿಸಿ, ಇದಕ್ಕೆ ಇದು ಎಂದುಬಿಡುತ್ತಿದ್ದಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಆಮೇಲೆ ಅಳೆದು ನೋಡಿದರೆ ಸರಿಯೇ ಇರುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಕಾಣತೈತಿ ಕದಾ, ಕಾಣುತ್ತದಲ್ಲ, ಎನ್ನುತ್ತಿದ್ದಳು. ನನಗೆ ಕಾಣುತ್ತಿರಲಿಲ್ಲವಲ್ಲ! ಪುಸ್ತಕ ನಾನು ಹೆಚ್ಚು ಓದಿದ್ದೆ, ಗಂಟೆಗಟ್ಟಲೆ ನಾನು ಕೂರುತ್ತಿದ್ದೆ, ಕಣ್ಣು ಮಾತ್ರ ದೇವರು ಆಕೆಗೆ ಕೊಟ್ಟಿದ್ದ. ಸರ್ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಆಕೆಯನ್ನು ಅಮ್ಮಾ ಎನ್ನುತ್ತಿದ್ದರು. ಅದೂ ನನಗೆ ಚುಚ್ಚುತ್ತಿತ್ತು.

ಆ ಕಣ್ಣು ಎಲ್ಲಿಂದ ಬಂತೆಂದು ಆಮೇಲೆ ಗೊತ್ತಾಯಿತು. ಆಕೆಯ ಮನೆ ವಿಜಯವಾಡದಲ್ಲಿ. ಅಪ್ಪ ತೆಲುಗಿನವರು, ಮಂಗಳಗಿರಿ ಸೀರೆಗಳ ಅಂಗಡಿ ಇಟ್ಟಿದ್ದರು. ಅಮ್ಮ ಬಳ್ಳಾರಿ ಕಡೆಯವರು, ಮದುವೆಯಾಗಿ ಅಲ್ಲಿಗೆ ಹೋದವರು. ಹಾಗಾಗಿ ಅಕ್ಕನಿಗೆ ಕನ್ನಡ ಬರುತ್ತಿತ್ತು, ಮನೆಯೊಳಗಿನ ಕನ್ನಡ, ಊಟ, ನಿದ್ದೆ, ನೆಂಟರು, ಬೈಗುಳ ಇಷ್ಟಕ್ಕೆ ಸಾಲುವಷ್ಟು. ಒಂದು ಹಬ್ಬಕ್ಕೆ ನನ್ನನ್ನೂ ರೈಲಿನಲ್ಲಿ ಕರೆದುಕೊಂಡು ಹೋದಳು. ಕೆಳಗೆ ಅಂಗಡಿ, ಮೇಲೆ ಮನೆ. ನೇಕಾರರು ತಂದ ಸೀರೆಗಳನ್ನು ಅಕ್ಕ ಅಂಚಿನ ಮೇಲೆ ಬೆರಳಾಡಿಸುತ್ತಾ ಬೇರೆ ಮಾಡುತ್ತಿದ್ದಳು: ಇದು ಆ ಮನೆಯ ಮಗ್ಗದ್ದು, ಇದು ಮಗ ನೇಯ್ದದ್ದು, ಇದರಲ್ಲಿ ಎಳೆ ತಪ್ಪಿದೆ. ಅದೇ ಕಣ್ಣು, ಅದೇ ಉದಾಸೀನ.

ಆ ದಿನ ಆಕೆಯ ಅಮ್ಮ ನನಗೆ ಜೋಳದ ರೊಟ್ಟಿ ಬಡಿದು ಹಾಕಿದರು. ಪಕ್ಕದಲ್ಲಿ ಕೂತು, ಇನ್ನೊಂದು ತಿನ್ನವ್ವಾ ಎಂದು ತಲೆ ಸವರಿದರು. ತುಂಬಾ ತಿಂಗಳ ಮೇಲೆ ಕಿವಿಗೆ ಬಿದ್ದ ನಮ್ಮ ಕಡೆಯ ಮಾತು… ರೊಟ್ಟಿ ಮುರಿಯುತ್ತಲೇ ಅತ್ತುಬಿಟ್ಟೆ. ಅಕ್ಕ ರೊಟ್ಟಿ ಬಿಟ್ಟು ಅನ್ನ, ಗೋಂಗುರ ಪಚ್ಚಡಿ ಕಲಸಿಕೊಂಡು ಟಿವಿ ನೋಡುತ್ತಿದ್ದಳು. ಯಾವುದಕ್ಕೆ ನಾನು ಬಾಯಿಬಿಡುತ್ತಿದ್ದೆನೋ ಅದು ಆಕೆಗೆ ದಿನವೂ ತಟ್ಟೆಯಲ್ಲಿ ಇತ್ತು, ಆಕೆಗೆ ಅದರ ಮೇಲೆ ಕಣ್ಣೂ ಇರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಹೊಸ ಪ್ರಭೇದವೊಂದನ್ನು ಕಂಡುಹಿಡಿದು ವಿವರಿಸಿದರೆ, ಪುಸ್ತಕಗಳಲ್ಲಿ ಅದರ ಹೆಸರು ಬಂದಾಗಲೆಲ್ಲ ಕೊನೆಗೆ ವಿವರಿಸಿದವರ ಅಡ್ಡಹೆಸರು ಬರುತ್ತದೆ. ಮೊದಲು ಕುಲ, ಆಮೇಲೆ ಪ್ರಭೇದ, ಆಮೇಲೆ ನಮ್ಮ ಹೆಸರು. ಅದು ಅಲ್ಲಿಂದ ಅಳಿಯುವುದಿಲ್ಲ. ಜರ್ಮನಿಯಲ್ಲಿ ಬರೆದರೂ ಜಪಾನಿನಲ್ಲಿ ಬರೆದರೂ ನಮ್ಮ ಮನೆತನದ ಹೆಸರು ಬರೆಯಲೇಬೇಕು. ನನಗೆ ಅಂಥದ್ದೊಂದು ಬೇಕಿತ್ತು. ಬಹಳ ಬೇಡ, ಒಂದು. ಅಕ್ಕನ ಪಾಲಿಲ್ಲದ್ದು.

ನನ್ನ ಮೂರನೇ ವರ್ಷದಲ್ಲಿ ಅದು ಸಿಕ್ಕಿತು ಎಂದುಕೊಂಡೆ. ಭೀಮಿಲಿಯ ಒಂದು ಕಡಲಪಾಚಿಯ ದಂಟಿನಿಂದ ಬಂದ ಕೆಳಚಿಪ್ಪು. ನಡುವಿನ ಸೀಳು ತುದಿಯಲ್ಲಿ ಒಂದಿಷ್ಟು ಬಾಗಿತ್ತು, ಅಂಚಿನ ಸುತ್ತ ದಪ್ಪ ಉಂಗುರವಿತ್ತು. ಯಾವ ಪುಸ್ತಕದಲ್ಲೂ ಅಂಥದ್ದಿರಲಿಲ್ಲ. ಜೋಡಿ ಹುಡುಕಿದೆ. ಅದೇ ಸ್ಲೈಡಿನಲ್ಲಿ, ಅದೇ ಅಳತೆಯ, ನವಿರು ಗೆರೆಗಳ ಒಂದು ಮೇಲ್ಚಿಪ್ಪು ಇತ್ತು. ಉಂಗುರ ಸರಿಯಾಗಿ ಕೂಡುತ್ತಿರಲಿಲ್ಲ, ಆದರೆ ಕೂಡಿಯೇ ಕೂಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನನಗೆ ಅಷ್ಟು ಸುಳ್ಳೂ ಬೇಕಾಗಲಿಲ್ಲ, ಆಸೆಯೊಂದೇ ಸಾಕಾಯಿತು. ಶನಿವಾರದ ಸಭೆಯಲ್ಲಿ ಎಲ್ಲರ ಮುಂದೆ ಎರಡೂ ಚಿತ್ರ ತೋರಿಸಿ, ಇದು ಹೊಸ ಪ್ರಭೇದ ಎಂದೆ. ಸರ್ ಕನ್ನಡಕ ಮೇಲೇರಿಸಿ, ಪೆಳ್ಳಿ ನಂಬುವ ಹಾಗಿದೆಯಾ ಎಂದು ಅಕ್ಕನ ಕಡೆ ತಿರುಗಿದರು. ನನ್ನ ಮದುವೆಗೆ ಒಪ್ಪಿಗೆ ಆಕೆ ಕೊಡಬೇಕು!

ಅಕ್ಕ ಎದ್ದು ಮುಂದೆ ಬಂದಳು. ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಮಧ್ಯಾಹ್ನ ನನ್ನ ಬಳಿ ಬಂದು, ಕುದಿಸದೇ ಇರುವ ಹಸಿ ಪಾಚಿ ಉಳಿದಿದೆಯಾ ಎಂದು ಕೇಳಿದಳು. ಕೊಟ್ಟೆ. ಅದನ್ನು ಉಜ್ಜಿ, ಒಂದು ಹನಿಯನ್ನು ತೆಳು ಗಾಜಿನ ಮೇಲೆ ಒಣಗಿಸಿ, ಆಸಿಡ್ಡಿನ ತಂಟೆಗೇ ಹೋಗದೆ, ಬಿಸಿ ತಟ್ಟೆಯ ಮೇಲಿಟ್ಟು ಸುಟ್ಟಳು, ಹಪ್ಪಳ ಸುಟ್ಟ ಹಾಗೆ. ಹಾಗೆ ಸುಟ್ಟರೆ ಕೊಳೆ ಬೂದಿಯಾಗುತ್ತದೆ, ಆದರೆ ಡಬ್ಬಿ ಮುಚ್ಚಳ ಬಿಟ್ಟುಕೊಳ್ಳುವುದಿಲ್ಲ. ಇದು ಆಕೆ ಕಂಡುಹಿಡಿದ ವಿಧಾನವೇನಲ್ಲ, ಹಳೆಯ ಪುಸ್ತಕಗಳಲ್ಲಿ ಇದ್ದದ್ದೇ. ನಾನೂ ಓದಿದ್ದೆ. ಓದಿದ್ದು ಹೊಳೆಯಬೇಕಲ್ಲ.

ಮೈಕ್ರೋಸ್ಕೋಪಿನ ಮುಂದೆ ನನ್ನನ್ನೇ ಕೂರಿಸಿದಳು. ಗುಂಡಿ ತಿರುಗಿಸುತ್ತಾ ಕೆಳಕ್ಕೆ ಇಳಿದರೆ ನನ್ನ ಬಾಗಿದ ಸೀಳು, ನನ್ನ ಉಂಗುರ. ಮೇಲಕ್ಕೆ ಬಂದರೆ ನಾನು ಗಂಟು ಹಾಕಿದ್ದ ನವಿರು ಗೆರೆಯ ಚಿಪ್ಪಲ್ಲ. ದಪ್ಪ ಚುಕ್ಕೆಗಳು, ಸಾಲುಸಾಲಾಗಿ, ನಡುವೆ ಅಗಲವಾದ ಖಾಲಿ ಪಟ್ಟಿ. ಅದು ನನಗೆ ಚೆನ್ನಾಗಿ ಗೊತ್ತಿದ್ದ ಮುಖ. ಅಕ್ಕ ಎರಡು ವರ್ಷದ ಹಿಂದೆ ಋಷಿಕೊಂಡ ಕಡಲತೀರದ ಕಲ್ಲಿನಿಂದ ತಂದು, ಜೋಡಿ ಸಿಗದೆ, ತನ್ನ ಮೇಜಿನ ಗೋಡೆಗೆ ಚಿತ್ರ ಅಂಟಿಸಿಕೊಂಡಿದ್ದ ಮೇಲ್ಚಿಪ್ಪು. ನಾನು ಹೊಸ ಪ್ರಭೇದ ಎಂದು ಕುಣಿದದ್ದು ಆಕೆಯ ಹಳೆಯ ಪ್ರಭೇದದ ಅಡಿಭಾಗ! ನಾನು ತಂದು ಕೂರಿಸಿದ್ದ ವರ ಎಲ್ಲ ಪುಸ್ತಕಗಳಲ್ಲೂ ಇರುವ ಮಾಮೂಲಿ ಆಸಾಮಿ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಆಕೆ ತಪ್ಪು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಆಕೆ ನನ್ನ ಹೆಗಲ ಮೇಲೆ ಕೈ ಹಾಕಿ, ನೀನು ತರದೇ ಇದ್ದಿದ್ದರೆ ನಂದು ಹಂಗೇ ಕೂತಿರ್ತಿತ್ತು ಎಂದಳು, ನಿಜವಾಗಿಯೂ ಸಂತೋಷದಿಂದ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಂಥ ಕಷ್ಟ ಯಾರಿಗೂ ಬೇಡ. ಅಲ್ಲೂ ನೋಡಿ, ಮೇಲಿನದು ಆಕೆಯದು, ಕಲ್ಲಿಗೆ ಹೊಟ್ಟೆ ಉಜ್ಜಿಕೊಂಡಿರುವುದು ನನ್ನದು.

ಪ್ರಭೇದವೇನೋ ಹೊಸದೇ, ಇಬ್ಬರೂ ಸೇರಿ ಬರೆಯಿರಿ ಎಂದು ಸರ್ ತೀರ್ಪು ಕೊಟ್ಟರು. ತಮ್ಮ ಹೆಸರು ಬೇಡವೆಂದರು, ಅವರಿಗೆ ಅಂಥವು ಆಗಲೇ ಹಲವಿದ್ದವು. ಆಕೆಯ ಹೆಸರಿನ ಜೊತೆಗೇ ನನ್ನದು, ಅರ್ಧ ಪಾಲು. ಆಗಿನ ನಿಯಮದಂತೆ ಲ್ಯಾಟಿನ್ ಭಾಷೆಯಲ್ಲಿ ವಿವರಣೆ ಬರೆಯಬೇಕಿತ್ತು. ನಾನು ಹಲ್ಲು ಕಚ್ಚಿಕೊಂಡು ಬರೆಯಲು ಕೂತೆ.

ಆಗ ಅಕ್ಕ ಪ್ರಯೋಗಾಲಯ ಬಿಟ್ಟಳು. ಮನೆಯವರ ಒತ್ತಾಯವಿರಲಿಲ್ಲ, ಕಷ್ಟವಿರಲಿಲ್ಲ, ಸರ್ ಎಷ್ಟೋ ಹೇಳಿದರು. ಅಪ್ಪನ ಅಂಗಡಿ ನೋಡಿಕೊಳ್ಳುತ್ತೇನೆ, ನನಗೆ ಅದೇ ಇಷ್ಟ ಎಂದಳು. ಸಿನಿಮಾ ಅರ್ಧಕ್ಕೆ ಎದ್ದು ಹೋಗುವವರ ಹಾಗೆ ಎದ್ದು ಹೊರಟಳು. ಸ್ಟೇಷನ್ನಿಗೆ ಬಿಡಲು ಹೋಗಿದ್ದ ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಇಂಥ ಕಣ್ಣಿಟ್ಟುಕೊಂಡು ಸೀರೆ ಮಾರುತ್ತೀಯಾ ಎಂದು.

"ಸೀರೆ ನೋಡೋದೂ ಇದೇ ಕಣ್ಣೇ ಕದಾ," ಎಂದಳು. "ಸೀರೆ ಆದ್ರೆ ಯಾರಾದ್ರೂ ಉಟ್ಕೊಂತಾರೆ." ಆಮೇಲೆ ರೈಲು ಹತ್ತಿ, ಕಿಟಕಿಯಿಂದ, ಮರೆತುಹೋಗಿದ್ದ ಸಣ್ಣ ಮಾತು ಹೇಳುವವಳ ಹಾಗೆ ಹೇಳಿದಳು: "ನನ್ನ ಹೆಸರು ತೆಗೆದುಬಿಡು. ನೀನೊಬ್ಬಳೇ ಬರ್ಕೋ. ನಿಂಗೆ ಬೇಕಲಾ ಅದು."

ಬೇಕಲಾ! ನಾನು ಅಷ್ಟು ವರ್ಷ ಹೊಟ್ಟೆಯೊಳಗೆ ಅಡಗಿಸಿಕೊಂಡದ್ದು ಆಕೆಗೆ ಮೊದಲಿನಿಂದ ಕಾಣುತ್ತಿತ್ತು. ಅದನ್ನೂ ಆ ಕಣ್ಣು ಬಿಟ್ಟಿರಲಿಲ್ಲ. ಉಳಿದ ಪಲ್ಯವನ್ನು ಪಕ್ಕದ ಮನೆಗೆ ಕೊಟ್ಟು ಹೋಗುವ ಹಾಗೆ, ನಾನು ಪ್ರಾಣ ಇಟ್ಟುಕೊಂಡಿದ್ದ ವಸ್ತುವನ್ನು ನನ್ನ ಕೈಗೆ ಹಾಕಿ ಹೋದಳು. ಬೇಡ ಎನ್ನುವ ಸ್ವಾಭಿಮಾನ ನನಗಿರಲಿಲ್ಲ. ತೆಗೆದುಕೊಂಡೆ.

ಹೆಸರಿಡುವ ಹೊತ್ತಿಗೆ ನಾನು ನನ್ನ ಅಜ್ಜಿಯ ಹೆಸರನ್ನು ಸಿದ್ಧ ಮಾಡಿಕೊಂಡಿದ್ದೆ. ಸರ್ ನಕ್ಕು, ನಿಮ್ಮಜ್ಜಿ ಬಂದು ಮೇಲ್ಚಿಪ್ಪು ಕಂಡುಹಿಡಿದರಾ ಎಂದರು. ನಮ್ಮ ವಿದ್ಯೆಯಲ್ಲಿ ಒಂದು ಪದ್ಧತಿಯಿದೆ. ಬರೆಯುವವರು ತಮ್ಮ ಹೆಸರನ್ನೇ ಪ್ರಭೇದಕ್ಕೆ ಇಟ್ಟುಕೊಳ್ಳುವಂತಿಲ್ಲ, ಅದು ಮರ್ಯಾದೆಯಲ್ಲ. ಆದರೆ ನೆರವಾದ ಬೇರೆಯವರ ಹೆಸರಿಡಬಹುದು. ಅಕ್ಕ ಬರೆಯುವವರ ಸಾಲಿನಲ್ಲಿ ಇದ್ದಿದ್ದರೆ ಆಕೆಯ ಹೆಸರಿಡುವ ಮಾತೇ ಬರುತ್ತಿರಲಿಲ್ಲ. ಆಕೆ ಸಾಲಿನಿಂದ ಹೊರಗೆ ಹೋದದ್ದರಿಂದ ಈಗ ಇಡಬಹುದಾಯಿತು, ಸರ್ ಪ್ರಕಾರ ಇಡಲೇಬೇಕಾಯಿತು. ಪಾಲು ಬೇಡವೆಂದು ಹೋದವಳು ಪ್ರಭೇದಕ್ಕೆ ಹೆಸರೇ ಆಗಿ ವಾಪಸು ಬಂದು ಕೂತಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬಲ್ಲವರಿಗೆ ಗೊತ್ತಾಗಿಬಿಡುತ್ತದೆ. ಕುಲದ ಹೆಸರು, ಆಮೇಲೆ ಆಕೆಯ ಹೆಸರು, ಕೊನೆಗೆ ನನ್ನ ಅಡ್ಡಹೆಸರು.

ಅಚ್ಚಾದ ಲೇಖನವನ್ನು ವಿಜಯವಾಡಕ್ಕೆ ಅಂಚೆಯಲ್ಲಿ ಕಳಿಸಿದೆ. ಫೋನ್ ಮಾಡಿ, ಬಂತು, ಚಿತ್ರ ಚೆನ್ನಾಗಿದೆ ಎಂದಳು. ಸಂಕ್ರಾಂತಿಗೆ ಸೀರೆ ಬೇಕಾ ಎಂದು ಕೇಳಿದಳು. ಅಷ್ಟೇ. ಆಮೇಲೆ ನನಗೆ ವಿಶಾಖಪಟ್ಟಣದಲ್ಲೇ ಕೆಲಸವಾಯಿತು, ಆಕೆಗೆ ಮದುವೆ, ಮಕ್ಕಳು ಆದವು. ಫೋನ್ ಕರೆಗಳು ಹಬ್ಬಕ್ಕೊಂದು ಆದವು, ಆಮೇಲೆ ಅದೂ ಇಲ್ಲ… ನಾನು ಮತ್ತೆ ಹೊಸ ಪ್ರಭೇದ ಕಂಡುಹಿಡಿಯಲಿಲ್ಲ. ಪಾಠ ಮಾಡುತ್ತೇನೆ, ಬೇರೆಯವರು ತಂದದ್ದನ್ನು ಪುಸ್ತಕ ನೋಡಿ ಗುರುತಿಸಿಕೊಡುತ್ತೇನೆ. ಪ್ರತಿ ಸಲವೂ, ಅಕ್ಕನಾಗಿದ್ದರೆ ಎರಡು ನಿಮಿಷದ ಕೆಲಸ ಎಂದು ಒಳಗೊಳಗೇ ಉರಿದುಕೊಂಡೇ ಗುರುತಿಸುತ್ತೇನೆ.

ಈ ವರ್ಷ ಸರ್ ಒಂದು ದಿನ ಫೋನ್ ಮಾಡಿ, ನಿಮ್ಮಕ್ಕ ಹೋಗಿಬಿಟ್ಟಳಂತಮ್ಮಾ ಎಂದರು. ಏನೋ ಕಾಯಿಲೆ, ಬೇಗ ಮುಗಿಯಿತಂತೆ. ಅವರಿಗೂ ತಡವಾಗಿ ತಿಳಿದಿತ್ತು, ಆಗಲೇ ಎರಡು ತಿಂಗಳಾಗಿತ್ತು. ಸರ್ ನನ್ನನ್ನು ಅಮ್ಮಾ ಎಂದದ್ದು ಅದೇ ಮೊದಲು.

ವಿಜಯವಾಡಕ್ಕೆ ಹೋದೆ. ಕೆಳಗೆ ಅಂಗಡಿ ನಡೆಯುತ್ತಲೇ ಇತ್ತು, ಆಕೆಯ ಗಂಡ ಗಿರಾಕಿಗಳ ಮುಂದೆ ಸೀರೆ ಬಿಡಿಸುತ್ತಿದ್ದರು. ಮೇಲಿನ ಮನೆಯ ತುಂಬ ಮಕ್ಕಳು, ನೆಂಟರು, ಸೀರೆಯ ಗಂಟುಗಳು. ಆಕೆಯ ಅಮ್ಮನಿಗೆ ನನ್ನ ಗುರುತು ತಕ್ಷಣ ಹತ್ತಲಿಲ್ಲ. ರೊಟ್ಟಿ ತಿಂದು ಅತ್ತಾಕಿ ಎಂದು ನೆನಪು ಮಾಡಿಕೊಂಡರು. ವಿಶಾಖಪಟ್ಟಣದ ದಿನಗಳ ಬಗ್ಗೆ ಮಗಳು ಏನು ಹೇಳುತ್ತಿದ್ದಳೆಂದು ಕೇಳಿದೆ. ಅವರು ತಣ್ಣಗೆ ಹೇಳಿದರು: "ಅಲ್ಲಿ ಅಕೀಗೆ ಮನಸ್ಸು ಹತ್ತಲಿಲ್ಲವ್ವಾ. ಉಪ್ಪುಗಾಳಿ ಆಗಿಬರಲಿಲ್ಲ ಅಂತಿದ್ಲು."

ಅಷ್ಟೇನಾ ಎಂದು ಕೂತುಬಿಟ್ಟೆ. ಆ ಪ್ರಭೇದದ ವಿಷಯ, ಹೆಸರಿಟ್ಟ ವಿಷಯ ಹೇಳಿರಲಿಲ್ಲವೇ ಎಂದು ಕೇಳಿದೆ. ಇಲ್ಲ. ಗಂಡನಿಗೂ ಗೊತ್ತಿರಲಿಲ್ಲ. ನಾನು ಇಷ್ಟು ವರ್ಷ ಹೊಟ್ಟೆ ಸುಟ್ಟುಕೊಂಡ ಸಂಗತಿಯನ್ನು ಆಕೆ ಮನೆಯಲ್ಲಿ ಒಂದು ಮಾತಿನಷ್ಟೂ ಬೆಲೆ ಕೊಟ್ಟು ಹೇಳಿರಲಿಲ್ಲ.

ಕೊನೆಗೆ ನಾನೇ ಹೇಳಿದೆ. ಸಮುದ್ರದ ಕಲ್ಲು, ಪಾಚಿಗೆ ಅಂಟಿಕೊಂಡು ಬದುಕುವ ಒಂದು ಜೀವಕ್ಕೆ ನಿಮ್ಮ ಮಗಳ ಹೆಸರಿದೆ, ಕಣ್ಣಿಗೆ ಕಾಣದಷ್ಟು ಸಣ್ಣದು, ಬಹಳ ಚೆಂದ ಎಂದೆ. ಅವರು ನನ್ನ ಹತ್ತಿರಕ್ಕೆ ಸರಿದು ಕೂತರು.

"ಅದು ಇನ್ನಾ ಐತೇನವ್ವಾ ಅಲ್ಲಿ?"

ಐತಿ, ಲೆಕ್ಕವಿಲ್ಲದಷ್ಟು ಅದಾವು ಎಂದೆ. ಅಕಿ ಹೆಸರಿನಿಂದಲೇ ಕರೆಯುತ್ತಾರಾ, ಹೆಂಗ ಕರೀತಾರ, ಒಮ್ಮೆ ಅನ್ನು ಎಂದರು. ನಾನು ಅದರ ಪೂರ್ತಿ ಹೆಸರನ್ನು, ಕುಲದಿಂದ ಹಿಡಿದು ಕೊನೆಯವರೆಗೆ, ಪಾಠ ಒಪ್ಪಿಸುವವಳ ಹಾಗೆ ನಿಧಾನವಾಗಿ ಹೇಳಿದೆ. ನಡುವೆ ಮಗಳ ಹೆಸರು ಬಂದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, ಕಡೀಗೆ ಒಂದು ಬಂತಲ್ಲ, ಅದು ಯಾರದು ಎಂದು ಕೇಳಿದರು. ನಂದು ಎಂದೆ.

"ಹಂಗಾರ ಅಕಿ ಹಿಂದಿಂದ ನೀನ ಬರ್ತಿ ಅನ್ನು."

ಹೌದಮ್ಮ ಎಂದೆ. ಅವರ ಮಾತಿನಲ್ಲಿ ಕುಹಕ ಇರಲಿಲ್ಲ, ಅದಕ್ಕೇ ಇನ್ನಷ್ಟು ನಾಟಿತು. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಆಕೆ ಸತ್ತ ಮನೆಯಲ್ಲಿ, ಆಕೆಯ ಅಮ್ಮನ ಎದುರಿಗೆ ಕೂತು. ನಾಚಿಕೆಯಾಗಲಿಲ್ಲ. ಅಳು ಬಂತು. ಅಲ್ಲಿಂದ ಬಂದು ಈಗ ತಿಂಗಳಾಗುತ್ತಾ ಬಂತು. ಆಕೆ ನನ್ನ ಮುಂದೆ ಇದ್ದಷ್ಟು ದಿನ ನಾನೆಷ್ಟು ಹಿಂದಿದ್ದೇನೆ ಎನ್ನುವುದಾದರೂ ನನಗೆ ತಿಳಿದಿತ್ತು. ಈಗ ಅದೂ ತಿಳಿಯುವುದಿಲ್ಲ.